ಕ್ರೈಸ್ತ ಯುವಜನ ಸೇವೆಯ ಶಿಕ್ಷಣ: ಉಡುಪಿ–ಮಂಗಳೂರು ಪ್ರದೇಶ

ಹದಿಹರೆಯದವರನ್ನೂ ಕಾಲೇಜು ಮುಗಿಸಿ ಕೆಲಸ ಹುಡುಕುವ ವಯಸ್ಸಿನವರನ್ನೂ ಚರ್ಚಿನ ಬದುಕಿನಲ್ಲಿ ಬೆಳೆಸುವ ಹೊಣೆಯನ್ನು ವೃತ್ತಿಯಾಗಿ ಹೊರಲು ಬೇಕಾದ ಓದು ಮತ್ತು ತರಬೇತಿ. ಅಮೆರಿಕದಲ್ಲಿ ಇದಕ್ಕೆಂದೇ ಪದವಿ ಕೋರ್ಸುಗಳಿವೆ, ‘ಯೂತ್ ಪಾಸ್ಟರ್’ ಎಂಬ ಸಂಬಳದ ಹುದ್ದೆಯೂ ಇದೆ. ಕರ್ನಾಟಕದ ಕರಾವಳಿಯಲ್ಲಿ ಈ ಕೆಲಸ ಬೇರೆ ಓದುಗಳ ಮಡಿಲಲ್ಲಿ ಬೆಳೆದಿದೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಅದು ಸಭಾಪಾಲಕನ ಶಿಕ್ಷಣದ ಒಂದು ಭಾಗ. ಕಥೋಲಿಕರಲ್ಲಿ ಧರ್ಮಗುರುವಿನ ತರಬೇತಿಯ ಒಂದು ಭಾಗ. ಇವೆರಡರ ಹೊರಗೆ ಉಳಿದವರಿಗೆ ಸಮಾಜಕಾರ್ಯದ ಪದವಿ ಮತ್ತು ಸಂಘಟನೆಯಲ್ಲಿ ದುಡಿದ ಅನುಭವ.

ಉದಾಹರಣೆಗೆ ಈ ಪ್ರದೇಶದ ಒಂದು ಊರನ್ನು ನೋಡೋಣ. ಪೆರ್ಡೂರು ಉಡುಪಿಯಿಂದ ಹಿರಿಯಡಕ ದಾಟಿ ಹೆಬ್ರಿ, ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿದೆ. ಅನಂತಪದ್ಮನಾಭ ದೇವಸ್ಥಾನ, ದೇವರಿಗೆ ಒಪ್ಪಿಸುವ ಬಾಳೆಹಣ್ಣು, ಊರಿನ ಹೆಸರು ಹೊತ್ತು ತಿರುಗುವ ಯಕ್ಷಗಾನ ಮೇಳ: ಹೊರಗಿನವರಿಗೆ ಊರಿನ ಗುರುತು ಇವು. ಇಲ್ಲಿನ ಅಥವಾ ಕಾಪು, ಕಾರ್ಕಳ ಕಡೆಯ ಕ್ರೈಸ್ತ ಹುಡುಗನೋ ಹುಡುಗಿಯೋ ಯುವಜನ ಸೇವೆಗೆ ಓದಬೇಕೆಂದರೆ ಬಸ್ಸು ಹತ್ತಬೇಕಾದದ್ದು ಮಂಗಳೂರಿಗೆ. ಈ ಸೀಮೆಯ ಎರಡು ಹಳೆಯ ಸೆಮಿನರಿಗಳು, ಪ್ರೊಟೆಸ್ಟಂಟರ ಬಲ್ಮಠದ್ದು ಮತ್ತು ಕಥೋಲಿಕರ ಜೆಪ್ಪುವಿನದ್ದು, ಅಲ್ಲಿವೆ. ಒಂದೇ ಊರಿನಲ್ಲಿದ್ದರೂ ಇವೆರಡರ ಚರಿತ್ರೆ, ಭಾಷೆ, ಶಿಸ್ತು ಬೇರೆ ಬೇರೆ.

ಹೆಸರು ಮತ್ತು ವಯಸ್ಸು

ಕನ್ನಡ ಬೈಬಲಿನ ಭಾಷೆಯಲ್ಲಿ ಬೆಳೆದ ಪ್ರೊಟೆಸ್ಟಂಟರು ಇದನ್ನು ‘ಯೌವನಸ್ಥರ ಸೇವೆ’ ಎನ್ನುತ್ತಾರೆ. ಹಳ್ಳಿಯ ಸಭೆಗಳಲ್ಲಿ ‘ಯೌವನಸ್ಥರ ಕೂಟ’ ಎಂದರೆ ಎಲ್ಲರಿಗೂ ಗೊತ್ತು. ಕೊಂಕಣಿ ಮಾತಾಡುವ ಕಥೋಲಿಕರಲ್ಲಿ ‘ಯುವಜಣ್’ ಎಂಬ ಮಾತಿದೆ. ಯಾರನ್ನು ಯುವಜನ ಎನ್ನಬೇಕು ಎಂಬುದಕ್ಕೆ ಭಾರತ ಸರಕಾರದ 2014ರ ರಾಷ್ಟ್ರೀಯ ಯುವ ನೀತಿ 15ರಿಂದ 29 ವರ್ಷ ಎಂಬ ಗೆರೆ ಎಳೆದಿದೆ. 2018ರಲ್ಲಿ ರೋಮಿನಲ್ಲಿ ಯುವಜನರ ಬಗ್ಗೆ ಸೇರಿದ ಬಿಷಪರ ಸಿನೊಡ್ 16ರಿಂದ 29 ಎಂದಿತು. ಊರಿನ ಲೆಕ್ಕ ಇದಕ್ಕಿಂತ ಸರಳ: ಮದುವೆಯಾದ ದಿನ ಯುವಕ ಸಂಘದಿಂದ ಹೊರಗೆ.

ಹಿನ್ನೆಲೆ

1815ರಲ್ಲಿ ಸ್ವಿಜರ್ಲೆಂಡಿನಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸಿತು. ಎರಡು ವರ್ಷಗಳ ಮೇಲೆ ಬಂದ ಹೆರ್ಮನ್ ಮೋಗ್ಲಿಂಗ್ ಅವರನ್ನು ಕನ್ನಡಿಗರು ನೆನೆಯುವುದು 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಗಾಗಿ. ಅವರ ದಿನದ ಕೆಲಸದ ದೊಡ್ಡ ಪಾಲು ಮಾತ್ರ ಹುಡುಗರ ಜತೆಗಿತ್ತು: ಶಾಲೆ, ಹಾಸ್ಟೆಲು, ಉಪದೇಶಿಗಳಾಗುವವರ ತರಬೇತಿ. ಈ ಪ್ರದೇಶದ ಯುವಜನ ಸೇವೆಯ ಚರಿತ್ರೆಯನ್ನು ಪತ್ರಿಕೆಗಿಂತ ಆ ಹಾಸ್ಟೆಲಿನಿಂದ ಆರಂಭಿಸುವುದು ಹೆಚ್ಚು ಸರಿ.

ಈ ಸೇವೆಯ ಮೊದಲ ಪ್ರಸಿದ್ಧ ಪ್ರಕರಣ ಆನಂದರಾವ್ ಕೌಂಡಿನ್ಯರದು. 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆಯಲ್ಲಿ ಹುಟ್ಟಿ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ ಇವರು 1844ರ ಜನವರಿಯಲ್ಲಿ, ಇನ್ನಿಬ್ಬರು ಗೆಳೆಯರ ಜತೆ, ದೀಕ್ಷಾಸ್ನಾನ ಪಡೆದರು. ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. 1846ರಲ್ಲಿ ಅವರು ಮೋಗ್ಲಿಂಗ್ ಜತೆ ಬಾಸೆಲ್‌ಗೆ ಹೋಗಿ, ಅಲ್ಲಿನ ಸೆಮಿನರಿಯಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದ ಪಾಲಕರಾಗಿ ಮರಳಿದರು. ಬಾಸೆಲ್‌ನಲ್ಲಿ ಹೀಗೆ ತರಬೇತಾದ ಮೊದಲ ಭಾರತೀಯರು ಅವರೇ. ಹಿಂತಿರುಗಿ ಬಂದು ಅವರು ಕೈಗೆತ್ತಿಕೊಂಡ ಕೆಲಸ ಮಂಗಳೂರಿನ ಸೆಮಿನರಿಯಲ್ಲಿ ಎಳೆಯರಿಗೆ ಪಾಠ ಹೇಳುವುದು. ವಿದ್ಯಾರ್ಥಿಯಾಗಿದ್ದಾಗ ಒಲಿದು, ದೂರ ಹೋಗಿ ಕಲಿತು, ಮರಳಿ ಬಂದು ಕಲಿಸುವ ಈ ದಾರಿಯನ್ನು ಮುಂದೆ ಹಲವರು ತುಳಿದರು. ಆ ದಾರಿಯ ಬೆಲೆಯನ್ನು ಅವರ ಮನೆಯವರು ತೆತ್ತರು ಎಂಬುದನ್ನೂ ಮರೆಯಬಾರದು.

ಜಾತಿ ಬಿಟ್ಟು ಬಂದವರ ಮಕ್ಕಳಿಗೆ ಕುಲದ ಕಸುಬು ತಪ್ಪಿಹೋಗುತ್ತಿತ್ತು. ಹೀಗಾಗಿ ಮಿಷನ್ನಿನ ಯುವಜನ ಸೇವೆ ಪ್ರಾರ್ಥನೆಯಷ್ಟೇ ಆಗಿ ಉಳಿಯಲು ಸಾಧ್ಯವಿರಲಿಲ್ಲ. ಕೈಗೆ ಕೆಲಸ ಕೊಡಬೇಕಿತ್ತು. ಛಾಪಖಾನೆ 1841ರಲ್ಲಿ ಬಂತು, ಆಮೇಲೆ ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಅವರ ಹಂಚಿನ ಕಾರ್ಖಾನೆ. ಮಲ್ಪೆಯಲ್ಲೂ ಮಿಷನ್ನಿನ ಹಂಚು ಬೇಯುತ್ತಿತ್ತು. ಇಂದಿನ ಯುವಜನ ಸೇವೆಯ ಪಠ್ಯಗಳಲ್ಲಿ ಉದ್ಯೋಗ ಮಾರ್ಗದರ್ಶನವೆಂಬ ಪಾಠವನ್ನು ಹೊಸ ಸೇರ್ಪಡೆ ಎಂಬಂತೆ ಕೊಡುವುದುಂಟು. ಕರಾವಳಿಗೆ ಅದು ಹಳೆಯ ಪಾಠ.

ಭಾರತದಲ್ಲಿ ಯುವಜನ ಸೇವೆ ಸಂಬಳದ ವೃತ್ತಿಯಾದದ್ದು ಚರ್ಚಿನ ಒಳಗಿಂತ ಮೊದಲು ವೈಎಂಸಿಎಯಲ್ಲಿ, ಅಂದರೆ ಯುವಕರ ಕ್ರೈಸ್ತ ಸಂಘದಲ್ಲಿ. ಜಾರ್ಜ್ ವಿಲಿಯಮ್ಸ್ 1844ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಈ ಸಂಘ 1857ರಲ್ಲಿ ಕಲ್ಕತ್ತಕ್ಕೆ ಬಂತು. ರಾಷ್ಟ್ರೀಯ ಮಂಡಳಿ 1891ರಲ್ಲಿ ಮದ್ರಾಸಿನಲ್ಲಿ ರೂಪುಗೊಂಡಿತು. ಇಲ್ಲಿನ ಪೂರ್ಣಾವಧಿ ನೌಕರನಿಗೆ ‘ಸೆಕ್ರೆಟರಿ’ ಎಂದು ಹೆಸರು. ವಿ. ಎಸ್. ಅಜರಯ್ಯ 1895ರಿಂದ 1909ರವರೆಗೆ ಇದೇ ಕೆಲಸದಲ್ಲಿದ್ದು, 1912ರಲ್ಲಿ ದೋರ್ನಕಲ್ಲಿನ ಬಿಷಪ್ ಆದರು. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಅವರು. ಕೆ. ಟಿ. ಪಾಲ್ 1916ರಲ್ಲಿ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೇರಿದ ಮೊದಲ ಭಾರತೀಯ. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದಾಗ ಆಟದ ಮೈದಾನವೂ ಈ ಸೇವೆಯ ತರಬೇತಿಯ ಅಂಗಳವಾಯಿತು.

ಕಾರ್ಕಳದ ಸಮರ್ಥ

ಈ ಸೀಮೆಯಿಂದ ಹೊರಟ ದೇವಶಾಸ್ತ್ರ ವಿದ್ಯಾರ್ಥಿಗಳಲ್ಲಿ ಜಗತ್ತಿಗೆ ಹೆಚ್ಚು ಪರಿಚಿತರಾದವರು ಸ್ಟಾನ್ಲಿ ಜೆ. ಸಮರ್ಥ (1920–2001). ಹುಟ್ಟಿದ್ದು ಕಾರ್ಕಳದಲ್ಲಿ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ದೇವಶಾಸ್ತ್ರದ ಬಿ.ಡಿ. ಪದವಿ ಮುಗಿಸಿ, ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲೂ ಹಾರ್ಟ್‌ಫರ್ಡಿನಲ್ಲೂ ಓದಿ ಬಂದು ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯ ಪ್ರಾಂಶುಪಾಲರಾದರು. ಆಮೇಲೆ ಬೆಂಗಳೂರು, ಸೆರಾಂಪುರ. 1968ರಲ್ಲಿ ಜಿನೀವದ ಚರ್ಚುಗಳ ಜಾಗತಿಕ ಮಂಡಳಿ. ಅಲ್ಲಿ ಇತರ ಧರ್ಮಗಳ ಜತೆಗಿನ ಸಂವಾದಕ್ಕೆಂದು ತೆರೆದ ವಿಭಾಗಕ್ಕೆ ಅವರೇ ಮೊದಲ ನಿರ್ದೇಶಕರು. ‘ಒನ್ ಕ್ರೈಸ್ಟ್, ಮೆನಿ ರಿಲಿಜನ್ಸ್’ (1991) ಅವರ ಪ್ರಮುಖ ಕೃತಿಗಳಲ್ಲೊಂದು.

ಯುವಜನ ಸೇವೆಯ ಲೇಖನದಲ್ಲಿ ಅವರ ಹೆಸರು ಬರಲು ಕಾರಣವಿದೆ. ಕಾರ್ಕಳವೆಂದರೆ ಗೊಮ್ಮಟ, ಬಸದಿಗಳು, ವೆಂಕಟರಮಣ ದೇವಸ್ಥಾನ, ಅತ್ತೂರಿನ ಸಂತ ಲಾರೆನ್ಸರ ಜಾತ್ರೆ ಎಲ್ಲ ಒಂದರ ನೆರಳಿನಲ್ಲಿ ಒಂದು ಇರುವ ಊರು. ಅಂಥ ಊರಿನ ಕ್ರೈಸ್ತ ಹುಡುಗ ಕೇಳುವ ಮೊದಲ ಪ್ರಶ್ನೆ ಬೈಬಲಿನ ಯಾವ ಅಧ್ಯಾಯದ್ದೂ ಅಲ್ಲ. ‘ಪಕ್ಕದ ಮನೆಯ ಗೆಳೆಯನ ದೇವರನ್ನು ನಾನು ಹೇಗೆ ಕಾಣಲಿ?’ ಎಂಬುದು. ಸಮರ್ಥರ ಬರವಣಿಗೆಯ ಬಹುಭಾಗ ಈ ಪ್ರಶ್ನೆಯ ಸುತ್ತಲೇ ಇದೆ. ಅವರ ಉತ್ತರಗಳನ್ನು ಒಪ್ಪದ ಸಭೆಗಳು ಬಹಳ. ಆದರೂ ಕರಾವಳಿಯಲ್ಲಿ ಯುವಜನರ ನಡುವೆ ಕೆಲಸ ಮಾಡುವವರು ಆ ಪ್ರಶ್ನೆಯನ್ನು ಬದಿಗೆ ಸರಿಸಿ ಮುಂದೆ ಹೋಗಲಾರರು.

ಬಲ್ಮಠದ ದಾರಿ

ಬಾಸೆಲ್ ಮಿಷನ್ನಿನ ಮಂಗಳೂರು ಸೆಮಿನರಿಯ ಆರಂಭವನ್ನು 1847ಕ್ಕೆ ಎಣಿಸುತ್ತಾರೆ. ಅದೂ ತುಮಕೂರಿನ ಯೂನಿಯನ್ ಕ್ಯಾನರೀಸ್ ಸೆಮಿನರಿಯೂ ಸೇರಿ 1965ರಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಬಲ್ಮಠದ ಗುಡ್ಡದ ಮೇಲಿರುವ ಈ ಕಾಲೇಜಿನಲ್ಲಿ ಬಾಸೆಲ್ ಮಿಷನ್ ಕಾಲದ ಕಾಗದಪತ್ರ, ಪುಸ್ತಕಗಳ ದೊಡ್ಡ ಸಂಗ್ರಹವಿದೆ. ಕನ್ನಡ ಮುದ್ರಣದ ಚರಿತ್ರೆ ಹುಡುಕುವವರೂ ಅಲ್ಲಿಗೆ ಬರುತ್ತಾರೆ. ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಉದ್ಘಾಟನೆಯಾಯಿತು. 1970ರಲ್ಲಿ ಕರ್ನಾಟಕದ ಸಿಎಸ್‌ಐ ಸಭೆಗಳು ಉತ್ತರ, ಮಧ್ಯ, ದಕ್ಷಿಣ ಎಂದು ಮೂರು ಡಯಾಸಿಸ್‌ಗಳಾದವು. ಉಡುಪಿ, ಮಲ್ಪೆ, ಕಾರ್ಕಳ ಕಡೆಯ ಸಭೆಗಳು ಮಂಗಳೂರು ಕೇಂದ್ರವಾದ ದಕ್ಷಿಣ ಡಯಾಸಿಸ್‌ಗೆ ಸೇರುತ್ತವೆ.

ಇಲ್ಲಿನ ಪದವಿ ಸೆರಾಂಪುರದ ಸೆನೆಟ್‌ನದು. ವಿಲಿಯಂ ಕೇರಿ ಮತ್ತು ಸಂಗಡಿಗರು 1818ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಕಟ್ಟಿದ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ಅರಸನ ಸನ್ನದು ಸಿಕ್ಕಿತು. ಊರು ಆಗ ಡೇನರ ಕೈಯಲ್ಲಿತ್ತು. ಸನ್ನದಿನಲ್ಲಿ ಪದವಿ ಕೊಡುವ ಅಧಿಕಾರವಿದ್ದರೂ ದೇವಶಾಸ್ತ್ರದ ಮೊದಲ ಬಿ.ಡಿ. ಹೊರಬಂದದ್ದು 1915ರಲ್ಲಿ. 1918ರ ಸೆರಾಂಪುರ ಕಾಲೇಜು ಕಾಯ್ದೆಯ ಮೇಲೆ ಇಂದಿಗೂ ದೇಶದ ಹತ್ತಾರು ಸೆಮಿನರಿಗಳ ಪದವಿಗಳು ನಿಂತಿವೆ. ಕನ್ನಡ ನಾಡಿನ ಸಭಾಪಾಲಕನ ಗೋಡೆಯ ಮೇಲಿನ ಪ್ರಮಾಣಪತ್ರಕ್ಕೆ ಡೆನ್ಮಾರ್ಕಿನ ದೊರೆಯ ಮೊಹರಿನ ನಂಟಿದೆ ಎಂಬುದು ಸೆಮಿನರಿಯ ಹೊರಗೆ ಹೆಚ್ಚು ಜನಕ್ಕೆ ತಿಳಿದಿಲ್ಲ.

ಬಿ.ಡಿ. ಓದು ಪದವೀಧರರಿಗೆ ನಾಲ್ಕು ವರ್ಷ, ಪಿಯುಸಿ ಮುಗಿಸಿ ಬಂದವರಿಗೆ ಐದು. ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ, ಸಭಾ ಚರಿತ್ರೆ, ದೇವಶಾಸ್ತ್ರ, ನೀತಿಶಾಸ್ತ್ರ, ಭಾರತದ ಇತರ ಧರ್ಮಗಳು. ಜತೆಗೆ ಗ್ರೀಕ್ ಅಥವಾ ಹೀಬ್ರೂ. ಯುವಜನ ಸೇವೆ ಬರುವುದು ‘ಕ್ರೈಸ್ತ ಸೇವೆ’ ಎಂಬ ವಿಭಾಗದಲ್ಲಿ, ಪ್ರಸಂಗ ಮಾಡುವ ಕಲೆ, ಆಪ್ತಸಲಹೆ, ಸಂಡೇಸ್ಕೂಲ್ ಶಿಕ್ಷಣ ಇವುಗಳ ನೆರೆಯಲ್ಲಿ. ಕಾಗದದ ಮೇಲೆ ಅದಕ್ಕೆ ಸಿಗುವ ಜಾಗ ಚಿಕ್ಕದು. ನಿಜವಾದ ಕಲಿಕೆ ನಡೆಯುವುದು ವಾರದ ಕೊನೆಗೆ. ವಿದ್ಯಾರ್ಥಿಯನ್ನು ಒಂದು ಸಭೆಗೆ ಹಂಚಿರುತ್ತಾರೆ. ಅಲ್ಲಿ ಸಂಡೇಸ್ಕೂಲ್, ಯೌವನಸ್ಥರ ಕೂಟ, ಏಪ್ರಿಲ್–ಮೇ ರಜೆಯಲ್ಲಿ ವಿಬಿಎಸ್ (ರಜಾಕಾಲದ ಬೈಬಲ್ ಶಾಲೆ), ಡಿಸೆಂಬರಿನಲ್ಲಿ ಮನೆ ಮನೆಗೆ ಕ್ಯಾರೋಲ್. ಗ್ರೀಕ್ ವ್ಯಾಕರಣದಲ್ಲಿ ಮೊದಲ ದರ್ಜೆ ಪಡೆದವನು ಹದಿನಾರರ ಹತ್ತು ಹುಡುಗರ ಮುಂದೆ ಬೆವರುವುದು ಆಗಲೇ. ಓದುವ ಮೊದಲು ಊರ ಸಭೆಯ ಶಿಫಾರಸು, ಡಯಾಸಿಸ್‌ನ ಸಂದರ್ಶನ ದಾಟಬೇಕು. ಮುಗಿದ ಮೇಲೆ ಒಂದು ಅವಧಿ ಡೀಕನ್ ಆಗಿ ದುಡಿದು ಆಮೇಲೆ ದೀಕ್ಷೆ. ಸಿಎಸ್‌ಐಯಲ್ಲಿ 1976ರಿಂದ ಹೆಂಗಸರಿಗೂ ಈ ದೀಕ್ಷೆ ಸಿಗುತ್ತಿದೆ.

ಹೆಚ್ಚಿನ ಓದಿಗೆ ಬೆಂಗಳೂರು. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರದ್ದು. ಅಲ್ಲಿ ದೇವಶಾಸ್ತ್ರದ ಸ್ನಾತಕೋತ್ತರ ಪದವಿ ಎಂ.ಟಿಎಚ್. ಮಾಡುವವರು ಕ್ರೈಸ್ತ ಸೇವೆಯನ್ನೇ ವಿಶೇಷ ವಿಷಯವಾಗಿ ಆರಿಸಿಕೊಳ್ಳಬಹುದು. ನೌಕರಿ ಬಿಡದೆ ಓದುವವರಿಗೆ ಸೆರಾಂಪುರದ ಬಾಹ್ಯ ಪದವಿ ಬಿಸಿಎಸ್ (ಬ್ಯಾಚುಲರ್ ಆಫ್ ಕ್ರಿಶ್ಚಿಯನ್ ಸ್ಟಡೀಸ್) ಇದೆ. 1970ರ ದಶಕದ ಆರಂಭದಿಂದ ಬೆಂಗಳೂರಿನ ‘ತಫ್ಟಿ’ ಸಂಸ್ಥೆ ಮನೆಯಲ್ಲಿ ಕೂತು ಓದಿ ವಾರಕ್ಕೊಮ್ಮೆ ಗುಂಪಿನಲ್ಲಿ ಚರ್ಚಿಸುವ ಪಾಠಗಳನ್ನು ನಡೆಸುತ್ತಾ ಬಂದಿದೆ. ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿಯುತ್ತ ಸಂಜೆಗೆ ಯುವಜನ ಸಂಘ ನಡೆಸುವವರಿಗೆ ಹೇಳಿ ಮಾಡಿಸಿದ ವ್ಯವಸ್ಥೆ ಇದು.

ಜೆಪ್ಪುವಿನ ದಾರಿ

1878ರ ಡಿಸೆಂಬರ್ 31ರಂದು ಜೆಸ್ವಿತರು ಮಂಗಳೂರಿಗೆ ಬಂದಿಳಿದರು. ಮರುವರ್ಷವೇ ಸಂತ ಜೋಸೆಫರ ಸೆಮಿನರಿ ಆರಂಭವಾಯಿತು. ಜೆಪ್ಪುವಿನ ಈ ಸೆಮಿನರಿ ಹಲವು ಧರ್ಮಪ್ರಾಂತ್ಯಗಳಿಗೆ ಗುರುಗಳನ್ನು ತಯಾರು ಮಾಡುತ್ತದೆ. ಪಿಯುಸಿ ಅಥವಾ ಪದವಿಯ ಬಳಿಕ ಬಂದ ಹುಡುಗನಿಗೆ ಆರಂಭದ ತಯಾರಿ, ತತ್ತ್ವಶಾಸ್ತ್ರ, ನಡುವೆ ಒಂದೆರಡು ವರ್ಷ ಊರೂರಿನ ಚರ್ಚುಗಳಲ್ಲಿ ‘ರೀಜೆನ್ಸಿ’, ಮತ್ತೆ ದೇವಶಾಸ್ತ್ರ. ಗುರುದೀಕ್ಷೆ ಆಗುವ ಹೊತ್ತಿಗೆ ಹತ್ತು ವರ್ಷದ ಆಸುಪಾಸು ಕಳೆದಿರುತ್ತದೆ. ಯುವಜನರ ನಡುವಿನ ಕೆಲಸದ ರುಚಿ ಹತ್ತುವುದೂ, ತನಗೆ ಅದು ಒಗ್ಗದು ಎಂದು ತಿಳಿಯುವುದೂ ರೀಜೆನ್ಸಿಯ ಕಾಲದಲ್ಲೇ.

2012ರ ಜುಲೈ 16ರಂದು ಮಂಗಳೂರು ಧರ್ಮಪ್ರಾಂತ್ಯದಿಂದ ಉಡುಪಿಯನ್ನು ಬೇರ್ಪಡಿಸಲಾಯಿತು. ಜೆರಾಲ್ಡ್ ಐಸಾಕ್ ಲೋಬೊ ಮೊದಲ ಧರ್ಮಾಧ್ಯಕ್ಷರು. ಕಲ್ಯಾಣಪುರದ ಮಿಲಾಗ್ರಿಸ್ ಚರ್ಚು ಕೆಥೆಡ್ರಲ್. ಪೆರ್ಡೂರು, ಹಿರಿಯಡಕ, ಶಿರ್ವ, ಕಾರ್ಕಳ ಎಲ್ಲ ಈ ಹೊಸ ವ್ಯಾಪ್ತಿಗೆ ಬಂದವು. ಧರ್ಮಪ್ರಾಂತ್ಯ ಪ್ರತ್ಯೇಕವಾದಾಗ ಯುವಜನರ ವಿಷಯದಲ್ಲಿ ಆದ ಬದಲಾವಣೆ ಸಣ್ಣದಲ್ಲ. ಯುವ ಆಯೋಗಕ್ಕೆ ತನ್ನದೇ ನಿರ್ದೇಶಕರು, ಪದಾಧಿಕಾರಿಗಳು, ಶಿಬಿರಗಳು. ಎಲ್ಲದಕ್ಕೂ ಮಂಗಳೂರಿನ ಕಡೆ ನೋಡುವುದು ತಪ್ಪಿತು.

ಕಥೋಲಿಕ ಯುವಜನ ಸೇವೆಯ ಪಾಠಶಾಲೆ ಸೆಮಿನರಿಯಷ್ಟೇ ಅಲ್ಲ, ಸಂಘಟನೆಯೂ ಹೌದು. ಹೈಸ್ಕೂಲು ಮಟ್ಟದಲ್ಲಿ ವೈಸಿಎಸ್ (ಯಂಗ್ ಕ್ರಿಶ್ಚಿಯನ್ ಸ್ಟೂಡೆಂಟ್ಸ್), ಅಲ್ಲಿಂದ ದೊಡ್ಡವರಾದವರಿಗೆ ಐಸಿವೈಎಂ, ಅಂದರೆ ಭಾರತೀಯ ಕಥೋಲಿಕ ಯುವ ಸಂಚಲನ. ಚರ್ಚಿನ ಘಟಕ, ಅದರ ಮೇಲೆ ವಲಯ, ಅದರ ಮೇಲೆ ಧರ್ಮಪ್ರಾಂತ್ಯ. ಪ್ರತಿ ಮಟ್ಟದಲ್ಲೂ ಚುನಾವಣೆ, ಅಧ್ಯಕ್ಷರು, ಕಾರ್ಯದರ್ಶಿ, ವರದಿ, ಲೆಕ್ಕಪತ್ರ. ‘ನೋಡು, ವಿವೇಚಿಸು, ಮಾಡು’ ಎಂಬ ಮೂರು ಮೆಟ್ಟಿಲಿನ ವಿಧಾನ ಇಲ್ಲಿನ ಶಿಬಿರಗಳ ಬೆನ್ನೆಲುಬು. ಅದನ್ನು ರೂಪಿಸಿದವರು ಬೆಲ್ಜಿಯಮ್ಮಿನ ಗುರು ಜೋಸೆಫ್ ಕಾರ್ಡಿನ್. ಕಾರ್ಖಾನೆಯ ಎಳೆಯ ಕೆಲಸಗಾರರಿಗಾಗಿ 1925ರಲ್ಲಿ ಅವರು ಕಟ್ಟಿದ ಸಂಘಟನೆಯಿಂದ ಅದು ಲೋಕಕ್ಕೆಲ್ಲ ಹರಡಿತು. ಸಭೆ ನಡೆಸುವುದು, ಎದುರಾಳಿಯ ಮಾತು ಕೇಳುವುದು, ಅತ್ತೂರು ಜಾತ್ರೆಯಂಥ ಜನಸಾಗರದಲ್ಲಿ ಸ್ವಯಂಸೇವಕರ ಪಾಳಿ ಹಂಚುವುದು: ಇವನ್ನು ಯಾವ ಪದವಿಯೂ ಹೀಗೆ ಕಲಿಸದು. (ಅತ್ತೂರಿನ ಚರ್ಚು 2016ರಿಂದ ಬಸಿಲಿಕ; ಜನವರಿಯ ಜಾತ್ರೆಗೆ ಬರುವವರಲ್ಲಿ ಎಲ್ಲ ಮತದವರೂ ಇರುತ್ತಾರೆ.)

ಯುವಜನ ಸೇವೆಯನ್ನೇ ವಿಷಯವಾಗಿ ಓದಬಯಸುವ ಕಥೋಲಿಕರಿಗೆ ಬೆಂಗಳೂರಿನ ಕ್ರಿಸ್ತುಜ್ಯೋತಿ ಕಾಲೇಜು ಹತ್ತಿರದ ದಾರಿ. ಡಾನ್ ಬಾಸ್ಕೊ (1815–1888) ಇಟಲಿಯ ತುರಿನ್ನಿನಲ್ಲಿ ಬೀದಿ ಹುಡುಗರಿಗಾಗಿ ಕಟ್ಟಿದ ಸಲೇಸಿಯನ್ ಸಭೆ ನಡೆಸುವ ದೇವಶಾಸ್ತ್ರ ಕಾಲೇಜು ಇದು. ಯುವಜನ ಪಾಲನೆ ಮತ್ತು ಧರ್ಮಶಿಕ್ಷಣ ಇಲ್ಲಿ ವಿಶೇಷ ಅಧ್ಯಯನದ ಕ್ಷೇತ್ರ. 1980ರಲ್ಲಿ ಇಲ್ಲಿನ ವಿದ್ಯಾರ್ಥಿಗಳು ಬೆಂಗಳೂರಿನ ಬೀದಿ ಮಕ್ಕಳ ನಡುವೆ ಹಚ್ಚಿಕೊಂಡ ಕೆಲಸ ‘ಬಾಸ್ಕೊ’ ಆಗಿ ಬೆಳೆಯಿತು. ಬೆಂಗಳೂರು ಓಣಿಯವರ ಸೇವಾ ಕೂಟ ಎಂಬುದರ ಮೊದಲಕ್ಷರಗಳನ್ನು ಜೋಡಿಸಿದರೆ ಸಂಸ್ಥಾಪಕ ಸಂತನ ಹೆಸರೇ ಬರುತ್ತದೆ. ಈ ಜಾಣತನ ಕನ್ನಡ ಬಲ್ಲವರಿಗೆ ಮಾತ್ರ ಸಿಕ್ಕೀತು.

ದೀಕ್ಷೆ ಬೇಡವೆನ್ನುವವರು

ಪಾಲಕರಾಗಲು, ಗುರುವಾಗಲು ಮನಸ್ಸಿಲ್ಲ, ಯುವಜನರ ಕೆಲಸ ಮಾತ್ರ ಬೇಕು ಎನ್ನುವವರ ದಾರಿ ಇನ್ನೂ ಸವೆದಿಲ್ಲ. ಹಲವರು ಆರಿಸಿಕೊಳ್ಳುವುದು ಸಮಾಜಕಾರ್ಯದ ಎಂ.ಎಸ್‌.ಡಬ್ಲ್ಯು. ಪದವಿಯನ್ನು. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗವಿದೆ. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ಪೀಠವಿದೆ. ‘ಮೊದಲು ಒಂದು ಡಿಗ್ರಿ ಮಾಡು, ಆಮೇಲೆ ದೇವರ ಕೆಲಸಕ್ಕೆ ಹೋಗು’ ಎಂದು ಮನೆಯ ಹಿರಿಯರು ಹೇಳುವ ಮಾತಿನಲ್ಲಿ ಅಪನಂಬಿಕೆಗಿಂತ ಲೆಕ್ಕಾಚಾರ ಹೆಚ್ಚು. ಸಮಾಜಕಾರ್ಯದ ಪದವಿ ಇದ್ದವರಿಗೆ ಚರ್ಚಿನ ಕೆಲಸ ಕೈಕೊಟ್ಟರೂ ಆಸ್ಪತ್ರೆ, ಶಾಲೆ, ಸ್ವಯಂಸೇವಾ ಸಂಸ್ಥೆಗಳ ಬಾಗಿಲು ತೆರೆದಿರುತ್ತದೆ.

ಮಣಿಪಾಲ ಬೇರೆಯೇ ಲೋಕ. 1953ರ ವೈದ್ಯಕೀಯ ಕಾಲೇಜಿನಿಂದ ಬೆಳೆದ ಈ ವಿದ್ಯಾನಗರಕ್ಕೆ ದೇಶದ ಎಲ್ಲ ಕಡೆಯಿಂದ ವಿದ್ಯಾರ್ಥಿಗಳು ಬರುತ್ತಾರೆ. ಇಂಥ ಕ್ಯಾಂಪಸ್ಸುಗಳ ಕ್ರೈಸ್ತ ಗುಂಪುಗಳ ಹಿಂದೆ ಇರುವುದು ಊರಿನ ಸಭೆಗಿಂತ ರಾಷ್ಟ್ರಮಟ್ಟದ ವಿದ್ಯಾರ್ಥಿ ಸಂಘಟನೆಗಳು. 1912ರ ವಿದ್ಯಾರ್ಥಿ ಕ್ರೈಸ್ತ ಚಳವಳಿ (ಎಸ್‌ಸಿಎಂ) ಸಾಮಾಜಿಕ ಪ್ರಶ್ನೆಗಳಿಗೆ ಒತ್ತು ಕೊಟ್ಟರೆ, 1954ರ ಇವ್ಯಾಂಜೆಲಿಕಲ್ ವಿದ್ಯಾರ್ಥಿಗಳ ಒಕ್ಕೂಟ ಯುಇಎಸ್‌ಐ ಬೈಬಲ್ ಅಧ್ಯಯನಕ್ಕೆ. ಇವು ಪೂರ್ಣಾವಧಿ ಕಾರ್ಯಕರ್ತರನ್ನು ನೇಮಿಸಿಕೊಳ್ಳುತ್ತವೆ. ಪೆರ್ಡೂರಿನಿಂದ ಮಣಿಪಾಲಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವ ಕ್ರೈಸ್ತ ವಿದ್ಯಾರ್ಥಿ ಭಾನುವಾರ ಊರಿನ ಘಟಕದಲ್ಲೂ ವಾರದ ನಡುವೆ ಇಂಗ್ಲಿಷಿನ ಪ್ರಾರ್ಥನಾ ಗುಂಪಿನಲ್ಲೂ ಇರಬಹುದು. ಎರಡು ಕಡೆಯ ಹಾಡು, ಭಾಷೆ, ಕೂರುವ ರೀತಿ ಯಾವುದೂ ಹೊಂದುವುದಿಲ್ಲ.

ಭಾಷೆ

ಪಠ್ಯಕ್ರಮದ ಅತಿ ದೊಡ್ಡ ಕೊರತೆ ಇಲ್ಲಿದೆ. ಸೆಮಿನರಿಯ ಪುಸ್ತಕಗಳು ಬಹುಪಾಲು ಇಂಗ್ಲಿಷಿನವು. ಕಥೋಲಿಕ ಮನೆಗಳಲ್ಲಿ ಕೊಂಕಣಿ, ಬಾಸೆಲ್ ಮಿಷನ್ ಹಿನ್ನೆಲೆಯ ಹಲವು ಮನೆಗಳಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮೈದಾನದಲ್ಲಿ ಮತ್ತೆ ತುಳು. ಹಳೆಯ ಮಿಷನರಿಗಳು ಈ ವಿಷಯದಲ್ಲಿ ಇಂದಿನವರಿಗಿಂತ ಮುಂದಿದ್ದರು ಎಂದರೆ ತಪ್ಪಾಗದು. ತುಳುವಿನ ಹೊಸ ಒಡಂಬಡಿಕೆ 1847ರಲ್ಲಿ, ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ ಬಂದವು. ಜೆಸ್ವಿತ ಗುರು ಆಂಜೆಲೊ ಮಫೆಯಿ 1882ರಲ್ಲಿ ಕೊಂಕಣಿ ವ್ಯಾಕರಣ, ಮರುವರ್ಷ ನಿಘಂಟು ಕೊಟ್ಟರು. 1894ರಲ್ಲಿ ಕನ್ನಡ ನಿಘಂಟು ಹೊರತಂದ ಕಿಟೆಲ್, ಅದಕ್ಕೂ ಮೊದಲೇ, 1862ರಲ್ಲಿ, ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದಿದ್ದರು. ಇವತ್ತು ಯುವಜನ ಶಿಬಿರಕ್ಕೆ ಹೋದರೆ ಗಿಟಾರಿನ ಜತೆ ಕೇಳಿಬರುವುದು ಇಂಗ್ಲಿಷ್ ಹಾಡು, ಅಥವಾ ಅದರ ಮಟ್ಟಿಗೆ ಕೂರಿಸಿದ ಕನ್ನಡ ಪದಗಳು. ಯಕ್ಷಗಾನ ಮೇಳದ ಊರಿನ ಮಕ್ಕಳು ಇದಕ್ಕಿಂತ ಒಳ್ಳೆಯದನ್ನು ಕಟ್ಟಬಲ್ಲರು.

ಕಾನೂನು

18ರ ಒಳಗಿನವರ ಜತೆ ಕೆಲಸ ಮಾಡುವವರು ಪೋಕ್ಸೊ ಕಾಯ್ದೆ (2012) ತಿಳಿದಿರಲೇಬೇಕು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಅದರ 19ನೇ ಸೆಕ್ಷನ್ ಪ್ರಕಾರ ಕಡ್ಡಾಯ; ಮುಚ್ಚಿಟ್ಟರೆ 21ನೇ ಸೆಕ್ಷನ್ನಿನಡಿ ಶಿಕ್ಷೆ. ‘ಚರ್ಚಿನ ಮಾನ ಹೋಗುತ್ತದೆ, ನಮ್ಮೊಳಗೇ ಸರಿಮಾಡೋಣ’ ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಕಥೋಲಿಕ ಸಭೆಯೊಳಗೆ ದೂರು ಮತ್ತು ತನಿಖೆಯ ನಿಯಮಗಳನ್ನು ಪೋಪ್ ಫ್ರಾನ್ಸಿಸ್ 2019ರಲ್ಲಿ ಬಿಗಿಗೊಳಿಸಿದರು. ಮತಾಂತರದ ಕುರಿತು ಕರ್ನಾಟಕ 2022ರಲ್ಲಿ ತಂದ ಕಾಯ್ದೆ ಅಪ್ರಾಪ್ತರ ವಿಷಯದಲ್ಲಿ ಹೆಚ್ಚಿನ ಶಿಕ್ಷೆ ವಿಧಿಸಿತ್ತು. ಅದನ್ನು ರದ್ದುಪಡಿಸಲು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಬೇರೆ ಮತದ ಎಳೆಯ ಗೆಳೆಯರೂ ಬರುವ ಶಿಬಿರಗಳಲ್ಲಿ ತಂದೆತಾಯಿಯ ಲಿಖಿತ ಒಪ್ಪಿಗೆ ಪಡೆಯುವುದು ಜಾಣ ಸಂಘಟಕರ ರೂಢಿ.

ಉದ್ಯೋಗ

ಸಂಬಳದ ಹುದ್ದೆಗಳು ಬೆರಳೆಣಿಕೆಯವು. ಸಭಾಪಾಲಕನಿಗೆ ಡಯಾಸಿಸ್‌ನಿಂದ ವೇತನ, ವಾಸಕ್ಕೆ ಮನೆ. ಯುವಜನರ ಕೆಲಸ ಅದರೊಳಗೇ ಬರುತ್ತದೆ. ಯುವ ಆಯೋಗದ ನಿರ್ದೇಶಕರಾದ ಧರ್ಮಗುರು ಕೆಲ ವರ್ಷಗಳಲ್ಲಿ ವರ್ಗವಾಗುತ್ತಾರೆ. ಹುಡುಗರ ಹೆಸರು ಬಾಯಿಗೆ ಬರುವ ಹೊತ್ತಿಗೆ ಹೊಸ ಚರ್ಚಿಗೆ ಹೋಗಬೇಕು. ಘಟಕಗಳಲ್ಲಿ ದುಡಿಯುವ ಸಚೇತಕರು, ಸಂಡೇಸ್ಕೂಲ್ ಶಿಕ್ಷಕರು ಬಹುತೇಕ ಏನೂ ಪಡೆಯದವರು. ಇತ್ತ ಯುವಜನರೂ ನಿಲ್ಲುವುದಿಲ್ಲ: ಮುಂಬೈ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋಗುವ ಹಳೆಯ ರೂಢಿಗೆ ಈಗ ಕೆನಡ, ಐರ್ಲೆಂಡ್ ಸೇರಿವೆ. ಒಳಪ್ರದೇಶದ ಸಣ್ಣ ಚರ್ಚುಗಳಲ್ಲಿ ಪದಾಧಿಕಾರಿಗಳ ಪಟ್ಟಿ ತುಂಬಿಸಲು ಜನ ಸಾಲದಿರುವುದುಂಟು, ಕ್ರಿಸ್ಮಸ್ ರಜೆಗೆ ಎಲ್ಲರೂ ಬಂದಾಗ ಬೆಂಚು ಸಾಲದಿರುವುದೂ ಉಂಟು.

ಇಷ್ಟಿದ್ದೂ ಈ ಓದಿಗೆ ಹೊರಡುವವರಿಗೆ ಪ್ರವೇಶಕ್ಕೆ ಬೇಕಾಗುವ ಕಾಗದಗಳು ಕೆಲವೇ: ಅಂಕಪಟ್ಟಿ, ದೀಕ್ಷಾಸ್ನಾನದ ಪ್ರಮಾಣಪತ್ರ, ಆರೋಗ್ಯದ ಪತ್ರ, ಊರಿನ ಪಾಲಕರ ಅಥವಾ ಗುರುಗಳ ಶಿಫಾರಸು. ಈ ಕೊನೆಯದಕ್ಕೇ ತೂಕ ಹೆಚ್ಚು. ಅರ್ಜಿದಾರ ಎಷ್ಟು ವರ್ಷ ಸಂಡೇಸ್ಕೂಲಿನಲ್ಲಿ ಕಲಿಸಿದ್ದಾನೆ, ಘಟಕದ ಲೆಕ್ಕ ಸರಿಯಾಗಿ ಒಪ್ಪಿಸಿದ್ದಾನೆಯೇ ಎಂಬುದನ್ನು ಬರೆಯಬಲ್ಲವರು ಅವರೊಬ್ಬರೇ.